ಬೊಮ್ಮೇಪಲ್ಲಿ ಮೇಷ್ಟ್ರ ಮೂಗು

ಮುನಿನಾರಾಯಣಪ್ಪ ಮೇಷ್ಟ್ರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಮೂಗು ಇತ್ತು. ಮುಖದ ಅಳತೆಗೆ ಸ್ವಲ್ಪ ಹೆಚ್ಚೇ ಇತ್ತು. ದೂರದಿಂದ ಬರುವಾಗ ಮೊದಲು ಮೂಗು, ಆಮೇಲೆ ಕೊಡೆ, ಆಮೇಲೆ ಮೇಷ್ಟ್ರು ಎಂದು ಊರಿನವರು ಹೇಳುತ್ತಿದ್ದರು. ಆದರೆ ಒಂಬತ್ತನೆಯ ವಯಸ್ಸಿನಲ್ಲಿ ಬಂದ ವಿಷಮಶೀತ ಜ್ವರ ಹೋಗುವಾಗ ಆ ಮೂಗಿನ ಕಸುಬನ್ನೂ ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಅದು ಉಸಿರಾಡುವುದಕ್ಕೆ ಮತ್ತು ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ ಬಳಕೆಯಲ್ಲಿತ್ತು.

ಇದು ಅವರ ಹೆಂಡತಿ ರಾಮಲಕ್ಷ್ಮಮ್ಮನಿಗೆ ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ಆಕೆಗೂ ತಿಳಿದದ್ದು ಸಂಸಾರ ಹೂಡಿದ ಮೇಲೆ. ಹಳಸಿದ ಸಾರನ್ನು ಹೊರಗೆ ಚೆಲ್ಲೋಣವೆಂದು ಬಾಗಿಲ ಬಳಿ ಇಟ್ಟಿದ್ದಳು. ಮೇಷ್ಟ್ರು ಅದನ್ನೇ ತಂದು ಮುದ್ದೆಗೆ ಸುರಿದುಕೊಂಡು ಉಂಡು, ಕೈ ತೊಳೆದು, "ಇವತ್ತು ಹುಳಿ ಚೆನ್ನಾಗಿ ಹಿಡಿದಿದೆ" ಅಂದರು. ಅವಳು ಅವರ ಮುಖವನ್ನೇ ನೋಡಿದಳು. ಹೊಗಳಿಕೆಯಲ್ಲಿ ಕಪಟವಿರಲಿಲ್ಲ. ಅಂದಿನಿಂದ ಗಂಡ ಅಡಿಗೆಯನ್ನು ಹೊಗಳಿದರೆ ಆಕೆ ಸಂತೋಷಪಡುವುದನ್ನು ಬಿಟ್ಟಳು.

ಬೊಮ್ಮೇಪಲ್ಲಿ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ, ಬಸ್ಸು ನಿಲ್ಲುವ ರಸ್ತೆಯಿಂದ ಗಾಡಿದಾರಿಯಲ್ಲಿ ಒಳಗೆ ಹೋಗಬೇಕಾದ ಊರು. ಅರ್ಧ ಊರು ರೇಷ್ಮೆ ಹುಳು ಸಾಕುತ್ತಿತ್ತು. ಉಳಿದರ್ಧ ಗೂಡು ಬೇಯಿಸಿ ಚರಕದಲ್ಲಿ ನೂಲು ಬಿಚ್ಚುತ್ತಿತ್ತು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಊರಿನ ದೊಡ್ಡ ಹಿಡುವಳಿದಾರ ಆವಲಪ್ಪ ತನ್ನ ಮನೆಯ ಮುಂದಿನ ಪಡಸಾಲೆ ಬಿಟ್ಟುಕೊಟ್ಟಿದ್ದ. ಅದರ ಒಂದು ಗೋಡೆಯಾಚೆ ಅವನ ಹುಳದ ಮನೆ. ಈಚೆ ಮಕ್ಕಳು ಮಗ್ಗಿ ಹೇಳುವಾಗ ಆಚೆ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಎರಡರಲ್ಲಿ ಯಾವುದು ಹೆಚ್ಚು ಶ್ರದ್ಧೆಯಿಂದ ನಡೆಯುತ್ತಿತ್ತೆಂದು ಹೇಳುವುದು ಕಷ್ಟವಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ಬೇಸಗೆಗೆ ಮುಂಚೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಶಾಲೆಗಳಲ್ಲಿ ಮಕ್ಕಳಿಗೆ ಶುಚಿತ್ವದ ಮಹತ್ವವನ್ನು ಬೋಧಿಸತಕ್ಕದ್ದು. ಇನ್ಸ್‌ಪೆಕ್ಟರರು ಖುದ್ದು ಬಂದು ನೋಡತಕ್ಕದ್ದು. ತೃಪ್ತಿಕರವಲ್ಲದ ಸಣ್ಣ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸತಕ್ಕದ್ದು. ಹತ್ತಿರದ ಶಾಲೆಯೆಂದರೆ ಹಳ್ಳದಾಚೆಯ ಚೀಮನಕುಂಟೆ. ಗಂಡುಹುಡುಗರು ಹಳ್ಳ ದಾಟುತ್ತಾರೆ. ಅವರನ್ನು ದಾಟಬೇಡಿ ಅಂದರೂ ದಾಟುತ್ತಾರೆ. ಆದರೆ ಬೊಮ್ಮೇಪಲ್ಲಿಯ ಶಾಲೆಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಒಬ್ಬೊಬ್ಬಳನ್ನೂ ಮೇಷ್ಟ್ರು ಮನೆಮನೆ ಅಲೆದು, ಅಜ್ಜಿಯರ ಬೈಗುಳ ಕೇಳಿ, ಕೊಟ್ಟ ಮಜ್ಜಿಗೆ ಕುಡಿದು ಕರೆತಂದಿದ್ದರು. ಹಳ್ಳದಾಚೆಗೆ ಆ ಹನ್ನೊಂದರಲ್ಲಿ ಒಬ್ಬಳನ್ನೂ ಯಾರೂ ಕಳಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಆದ್ದರಿಂದ ಮೇಷ್ಟ್ರು ಶುಚಿತ್ವ ಬೋಧಿಸತೊಡಗಿದರು. ಮೊದಲ ವಾರ ಭಾಷಣ ಮಾಡಿದರು. ಮಕ್ಕಳು ಕೇಳಿಸಿಕೊಂಡು ಮೂಗನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಎರಡನೆಯ ವಾರ ಸಾಲು ನಿಲ್ಲಿಸಿ ಉಗುರು ನೋಡಿದರು. ಮಕ್ಕಳು ನಿಂತಲ್ಲೇ ಉಗುರು ಕಚ್ಚಿ, ಉಗುಳಿ, ಮೇಷ್ಟ್ರು ಹತ್ತಿರ ಬರುವ ಹೊತ್ತಿಗೆ ಶುಚಿಯಾಗುತ್ತಿದ್ದರು. ಆ ಉಗುರುಗಳೆಲ್ಲ ಎಲ್ಲಿ ಹೋದವೆಂದು ನೆನೆದರೆ ಶುಚಿತ್ವಕ್ಕಿಂತ ಕೊಳೆಯೇ ವಾಸಿ ಅನ್ನಿಸುತ್ತಿತ್ತು.

ಮೇಷ್ಟ್ರ ಕಣ್ಣಿಗೆ ದೂರದ್ದು ಕಾಣುತ್ತಿರಲಿಲ್ಲ. ಹತ್ತಿರ ಹೋದರೆ ಇರುವೆಯ ಕಾಲು ಎಣಿಸುತ್ತಿದ್ದರು. ಒಂದು ಬೆಳಿಗ್ಗೆ ಎರಡನೇ ಕ್ಲಾಸಿನ ಆಂಜಿನಮ್ಮನ ತಲೆ ನೋಡಲು ಬಾಗಿದರು. ಬಾಗಿದವರ ಮೂಗು ಹುಡುಗಿಯ ಕಿವಿಗೆ ತಾಕಿತು. ಕೂದಲಲ್ಲಿ ಒಣಗಿದ ರಾಗಿ ಮುದ್ದೆಯ ಚೂರು, ಅದಕ್ಕೆ ಅಂಟಿದ ಒಂದು ಅವರೆ ಸಿಪ್ಪೆ.

"ರಾತ್ರಿ ಮುದ್ದೆ, ಅವರೆಕಾಳು ಸಾರು. ಉಂಡು ಕೈ ತೊಳೀದೆ ತಲೆ ಕೆರ್ಕೊಂಡಿದೀಯ ಅಲ್ವೇನಮ್ಮ?"

ಹುಡುಗಿ ಮನೆಗೆ ಓಡಿದಳು. ಮಧ್ಯಾಹ್ನಕ್ಕೆ ಅವಳ ತಾಯಿ ಕೊಂಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏನ್ ಮೇಷ್ಟ್ರೇ, ನಮ್ಮನೇಲಿ ಏನ್ ಬೇಯ್ಸಿದ್ವಿ ಅಂತ ನಿಮ್ಗೆ ಯಾರ್ ಹೇಳಿದ್ದು? ಪಕ್ಕದ್ಮನೆ ಮಂಗಮ್ಮ ತಾನೆ?"

"ಯಾರೂ ಹೇಳಿಲ್ಲ ಕಣಮ್ಮ," ಅಂದಳು ಮಗಳು. "ನನ್ನ ಕಿವಿ ಹತ್ರ ಮೂಸಿ ಹೇಳ್ಬಿಟ್ರು."

ಮೇಷ್ಟ್ರು ಅಲ್ಲವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಪಡಸಾಲೆಯ ಕಡೆ ಕಣ್ಣು ಹೋಯಿತು. ಉಳಿದ ಮೂವತ್ತು ಮಕ್ಕಳೂ ತಮ್ಮ ತಮ್ಮ ಅಂಗೈಗಳನ್ನು ಮೂಸಿ ನೋಡಿಕೊಳ್ಳುತ್ತಿದ್ದರು. ಕೆಲವರು ನೀರಿನ ಕೊಳಗದ ಕಡೆಗೆ ಜಾರುತ್ತಿದ್ದರು. ಎರಡು ವಾರದ ಬೋಧನೆ ಮಾಡದಿದ್ದುದನ್ನು ಒಂದು ಸುಳ್ಳು ಸುದ್ದಿ ಮಾಡುತ್ತಿರುವುದನ್ನು ಕಂಡ ಮೇಷ್ಟ್ರು ತೆರೆದ ಬಾಯನ್ನು ಮುಚ್ಚಿದರು. ಜಗತ್ತಿನಲ್ಲಿ ತೆರೆದ ಬಾಯಿಯಿಂದ ಕೆಟ್ಟವರೇ ಹೆಚ್ಚು. ನಮ್ಮ ಮೇಷ್ಟ್ರು ಮುಚ್ಚಿದ ಬಾಯಿಯಿಂದ ಸಿಕ್ಕಿಬಿದ್ದರು.

ಮಾರನೆಯ ದಿನದಿಂದ ಮೂಗಿನ ತಪಾಸಣೆ ಶುರುವಾಯಿತು. ಮೇಷ್ಟ್ರು ಒಬ್ಬೊಬ್ಬರ ಬಳಿಯೂ ಬಾಗಿ, ಕಣ್ಣಗಲಿಸಿ ಕಿವಿಯ ಹಿಂದೆ, ಕತ್ತಿನ ಸಂದಿ, ಬೆರಳ ನಡುವೆ ನೋಡಿ, ಕೊನೆಯಲ್ಲಿ ಮರ್ಯಾದೆಗೆ ಒಂದು ಸಲ ಉಸಿರೆಳೆದು ತೀರ್ಪು ಕೊಡುತ್ತಿದ್ದರು. ತೀರ್ಪು ತಪ್ಪುತ್ತಿರಲಿಲ್ಲ. ನಾಲ್ಕು ಜನ ಜಾಣರು ಸ್ನಾನ ತಪ್ಪಿಸಿ, ದೇವರ ಮನೆಯ ಗಂಧ ತೇಯ್ದು ಕತ್ತಿಗೆ ಬಳಿದುಕೊಂಡು ಬಂದರು. ಮೇಷ್ಟ್ರಿಗೆ ಗಂಧವೂ ಒಂದೇ, ಸಗಣಿಯೂ ಒಂದೇ. ಕತ್ತಿನ ಕೊಳೆ ಮಾತ್ರ ಕಂಡಿತು. ನಾಲ್ವರನ್ನೂ ಬಾವಿಗೆ ಅಟ್ಟಿದರು.

"ಗಂಧದ ಒಳಗಿಂದಾನೂ ಹಿಡೀತದೆ ಕಣೋ ಆ ಮೂಗು," ಎಂದು ಹುಡುಗರು ಬಾವಿಯ ಬಳಿ ನಡುಗುತ್ತ ಮಾತಾಡಿಕೊಂಡರು. ಅಂದಿಗೆ ಮೋಸ ಮುಗಿಯಿತು.

ಮಕ್ಕಳು ಶುಚಿಯಾದದ್ದರ ಕಷ್ಟ ಊರಿಗೆ ತಟ್ಟಿತು. ಬಾವಿಯ ಹಗ್ಗ ಸವೆಯಿತು. ಸೀಗೆಪುಡಿ ಮುಗಿಯಿತು. ಆಂಜಿನಮ್ಮ ತನ್ನ ತಾತ ನಲ್ಲಪ್ಪ ಉಣ್ಣಲು ಕೂತರೆ ಮುದ್ದೆಯ ತಟ್ಟೆ ಹಿಂದಕ್ಕೆಳೆದು, "ಕೈ" ಎನ್ನುತ್ತಿದ್ದಳು. ಅರವತ್ತು ವರ್ಷ ಉಳುವ ಕೈಯನ್ನು ಪಂಚೆಗೆ ಒರೆಸಿ ಉಂಡ ಮುದುಕ ಸಿಟ್ಟಿನಿಂದ ಶಾಲೆಗೆ ಬಂದ.

"ಏಮಿ ಸಾಮೀ, ನಮ್ಮ ಕೂಸು ನನ್ನ ಉಣ್ಣಾಕ್ ಬಿಡ್ತಿಲ್ಲ. ನೀವು ಮೂಸ್ತೀರಿ ಅಂತ ಅವ್ಳು ತೊಳ್ಕೊಳ್ಲಿ. ನಂಗ್ಯಾಕೆ? ನಾನೇನ್ ಎರಡ್ನೇ ಕ್ಲಾಸಾ?"

"ತೊಳ್ಕೊಂಡ್ರೆ ಏನ್ ನಷ್ಟ ತಾತ?"

"ರುಚಿ ಹೋಗ್ತದೆ," ಅಂದ ನಲ್ಲಪ್ಪ. ಆದರೂ ಹೋಗುವ ಮುಂಚೆ ಮೇಷ್ಟ್ರ ಮೂಗಿನಿಂದ ನಾಲ್ಕು ಮಾರು ದೂರ ಸರಿದು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೋದ.

ಆಮೇಲೆ ದೊಡ್ಡವರೂ ಮೂಗಿನ ಸಲಹೆ ಕೇಳಲು ಬಂದರು. ಸಂತೆಯಲ್ಲಿ ಕೊಂಡ ತುಪ್ಪ ತಂದರು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಹರಳು ನೋಡಿ, ಮೂಗಿನ ಕೆಳಗೆ ಒಂದು ಸುತ್ತು ತಿರುಗಿಸಿ, ಬೆರಕೆ ಅಂದರು. ಬೆರಕೆಯೇ ಆಗಿತ್ತು. ರಾಮಲಕ್ಷ್ಮಮ್ಮ ಒಳಗಿನಿಂದ ನೋಡಿ, "ಇದು ಎಲ್ಲಿಗೆ ಹೋಗಿ ನಿಲ್ತದೋ" ಅಂದಳು. ಅದು ಆವಲಪ್ಪನ ಹುಳದ ಮನೆಗೆ ಹೋಯಿತು.

ಆವಲಪ್ಪನ ಹುಳು ಆಗ ನಾಲ್ಕನೆಯ ಸಲ ಪೊರೆ ಬಿಟ್ಟು, ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುವ ಹಂತದಲ್ಲಿದ್ದವು. ಆ ಹೊತ್ತಿನಲ್ಲಿ ಹುಳದ ಮನೆಗೆ ಗರ್ಭಗುಡಿಯ ಕಟ್ಟಳೆ. ಮಲ್ಲಿಗೆ ಮುಡಿದವರು, ಬೀಡಿ ಸೇದಿದವರು, ಒಗ್ಗರಣೆ ಹಾಕಿ ಎದ್ದುಬಂದವರು ಒಳಗೆ ಕಾಲಿಡಕೂಡದು. ಹುಳಕ್ಕೆ ವಾಸನೆ ಆಗದು. ಒಳಗೆ ಹೋದವರು ಹುಳು ಚೆನ್ನಾಗಿವೆ ಅನ್ನಕೂಡದು, ದೃಷ್ಟಿಯಾಗುತ್ತದೆ. ಆವಲಪ್ಪನಿಗೆ ಎರಡು ದಿನದಿಂದ ಬೆಳೆಯ ಮೇಲೆ ಅನುಮಾನವಿತ್ತು. ಅವನ ಹೆಂಡತಿ ವೆಂಕಟರತ್ನಮ್ಮ, ರೇಷ್ಮೆ ಇಲಾಖೆಯವರನ್ನು ಕರೆಸಿ ಅಂದಳು. ಅವನು ಮೇಷ್ಟ್ರನ್ನು ಕರೆಸಿದ.

"ಹುಳಕ್ಕೂ ಮೂಗು, ಮೇಷ್ಟ್ರಿಗೂ ಮೂಗು. ಇಬ್ರೂ ಅದೇನ್ ಮಾತಾಡ್ಕೋತಾರೋ ಮಾತಾಡ್ಕೊಳ್ಲಿ," ಅಂದ.

ಮೇಷ್ಟ್ರು ಕಾಲು ತೊಳೆದು ಒಳಗೆ ಹೋದರು. ಅರೆಗತ್ತಲೆ. ಬಿದಿರು ತಟ್ಟೆಗಳು ಗೂಟದ ಅಟ್ಟಣಿಗೆಯಲ್ಲಿ ಸಾಲಾಗಿ ಏರಿದ್ದವು. ಒಂದೊಂದರ ಮೇಲೂ ಮೂಗು ತಾಕುವಷ್ಟು ಬಾಗಿದರು. ವೆಂಕಟರತ್ನಮ್ಮನಿಗೆ ಹುಳು ಆ ಮೂಗನ್ನು ಕೊಂಬೆಯೆಂದು ತಿಳಿದು ಹತ್ತಿಬಿಟ್ಟರೆ ಎಂಬ ಭಯ. ಮೂರನೆಯ ಸಾಲಿನ ಒಂದು ತಟ್ಟೆಯ ಅಂಚಿನಲ್ಲಿ ಕೆಲವು ಹುಳು ಸೊಪ್ಪು ಬಿಟ್ಟು ಅಲೆಯುತ್ತಿದ್ದವು. ಮೈ ಹಳದಿಗಟ್ಟಿ, ಗಂಟುಗಂಟಿನ ನಡುವೆ ಊದಿತ್ತು. ಚಿಂತಾಮಣಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಇಲಾಖೆಯವರು ಹಚ್ಚಿದ್ದ ಚಿತ್ರ ಮೇಷ್ಟ್ರಿಗೆ ನೆನಪಾಯಿತು. ಹಾಲುತೊಂಡೆ ರೋಗ. ಬಸ್ಸು ತಡವಾಗಿ ಬಂದದ್ದರಿಂದ ಅವರು ಅದನ್ನು ಪೂರ್ತಿ ಓದಿದ್ದರು.

"ಗೌಡ್ರೇ, ಈ ತಟ್ಟೆ ತೆಗೀರಿ. ಇವತ್ತೇ ಸುಣ್ಣ ಹಾಕಿ ಹೂಳಿ."

"ವಾಸನೆ ಬಂತಾ?"

"ಬಂತು ಅಂತಿಟ್ಕೊಳಿ."

ಆವಲಪ್ಪ ಹಾಗೇ ಇಟ್ಟುಕೊಂಡ. ತಟ್ಟೆ ಹೂತರು. ಉಳಿದ ಹುಳು ಗೂಡು ಕಟ್ಟಿದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆವಲಪ್ಪ ಬುಟ್ಟಿಗಳ ಬದಿಗೆ ನಿಂತು ಗೂಡಿಗಿಂತ ಹೆಚ್ಚಾಗಿ ಮೇಷ್ಟ್ರ ಮೂಗನ್ನು ಹೊಗಳಿದ. ಮುರುಗಮಲ್ಲದಿಂದ ಬಂದಿದ್ದ ಒಬ್ಬ ವ್ಯಾಪಾರಿ ಅಂಥ ಮೂಗು ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಿದನಂತೆ. ಊರಿಗೆ ಬಂದವನೇ ಆವಲಪ್ಪ ಸಾರಿದ: "ಇನ್ಮೇಲೆ ಈ ಊರಲ್ಲಿ ವಾಸನೆ ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ. ಹೇಳೋರು ಮೇಷ್ಟ್ರು."

ಏಪ್ರಿಲ್‌ನಲ್ಲಿ ಇನ್ಸ್‌ಪೆಕ್ಟರರು ಬರುವ ದಿನ ಗೊತ್ತಾಯಿತು. ಊರು ಸಿದ್ಧವಾಗತೊಡಗಿತು. ಪಡಸಾಲೆಗೆ ಸುಣ್ಣ ಬಳಿದರು. ನೆಲ ಸಾರಿಸಿದರು. ಬೀದಿ ಗುಡಿಸಿದರು. ಆಗ ಎಲ್ಲರ ಕಣ್ಣು ಬೀದಿಯ ಎರಡು ಬದಿಗೂ ಹರವಿದ್ದ ಹುಳದ ಮೇಲೆ ಬಿತ್ತು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳವನ್ನು ಬೀದಿಯಲ್ಲೇ ಒಣಗಿಸಿ ಗೊಬ್ಬರಕ್ಕೆ ಮಾರುವುದು ಅಲ್ಲಿಯ ವಾಡಿಕೆ. ಹೊರಗಿನವರು ಮೂಗು ಮುಚ್ಚಿಕೊಂಡು ದಾಟುವ ಆ ನಾತದೊಳಗೆ ಬೊಮ್ಮೇಪಲ್ಲಿಯವರು ಹುಟ್ಟಿ, ಬೆಳೆದು, ಮದುವೆಯಾಗಿದ್ದರು. ಅವರಿಗೆ ಅದು ಹೊಟ್ಟೆಗೆ ಹಿಟ್ಟು ಕೊಡುವ ವಾಸನೆ. ಹಾಗಿದ್ದರೂ ಬಂದವರ ಕಣ್ಣಿಗೆ ಬೀದಿಯಲ್ಲಿ ಹುಳು ಬೀಳಬಾರದೆಂದು ಎಲ್ಲರೂ ಒಪ್ಪಿದರು.

"ಹೊಲಕ್ಕೆ ಹಾಕಣ," ಅಂದರು ಯಾರೋ.

"ನಾಯಿ ತಿಂತವೆ, ಕಾಗೆ ತಿಂತವೆ. ನಂಗೇನ್ ಉಳೀತದೆ?" ಅಂದ ಮುನಿಗಂಗಪ್ಪ. ಊರಿನ ಚರಕಗಳಲ್ಲಿ ಹೆಚ್ಚಿನವು ಅವನವೇ. "ಒಂದಿನದ ಮಾತು. ಎಲ್ಲಾದ್ರೂ ಒಳಗೆ ಇಟ್ಟು ಬಾಗ್ಲಾಕಣ."

ಆವಲಪ್ಪನ ಹುಳದ ಮನೆ ಬೆಳೆ ಮುಗಿದು ಖಾಲಿ ಬಿದ್ದಿತ್ತು. ತೊಳೆದು ಸುಣ್ಣ ಹೊಡೆದು ಇಟ್ಟಿದ್ದ. ಶಾಲೆಯ ಗೋಡೆಯಾಚೆಯ ಆ ಕೋಣೆಗೆ ಏಳು ಮೂಟೆ ಹುಳು ಸೇರಿತು. ಅರ್ಧ ಒಣಗಿದ್ದು ಅರ್ಧ ಹಸಿ. ಕಿಟಕಿ ಮುಚ್ಚಿ ಬೀಗ ಜಡಿದರು. ಊರು ಕನ್ನಡಿಯಂತಾಯಿತು. ಒಂದು ಊರಿನ ಕೊಳೆಯನ್ನೆಲ್ಲ ಒಂದೇ ಕೋಣೆಗೆ ತುಂಬಿ, ಆ ಕೋಣೆಯ ಪಕ್ಕದಲ್ಲಿ ಶುಚಿತ್ವದ ಪರೀಕ್ಷೆಗೆ ಕುರ್ಚಿ ಹಾಕುವುದು ಸಾಮಾನ್ಯ ಬುದ್ಧಿಯವರಿಂದ ಆಗುವ ಕೆಲಸವಲ್ಲ. ಅದಕ್ಕೆ ಊರೇ ಕೂಡಿ ಯೋಚಿಸಬೇಕು.

ಹಿಂದಿನ ಸಂಜೆ ಆವಲಪ್ಪನಿಗೆ ಬೀಗದ ಬಳಿ ಏನೋ ಅಳುಕಾಯಿತು. ಮೇಷ್ಟ್ರನ್ನು ಕರೆದ.

"ಒಳಗೆ ಒಂದಿಷ್ಟು ಸಾಮಾನು ಇಟ್ಟಿದೀವಿ ಮೇಷ್ಟ್ರೇ. ವಾಸನೆ ಏನಾದ್ರೂ ಬರ್ತದಾ ನೋಡಿ."

ಮೇಷ್ಟ್ರು ನೋಡಿದರು. ನೋಡಲು ಮುಚ್ಚಿದ ಬಾಗಿಲು ಬಿಟ್ಟರೆ ಏನೂ ಇರಲಿಲ್ಲ. ಕಣ್ಣಿನಿಂದ ಮೂಸುವ ಮನುಷ್ಯನಿಗೆ ಬೀಗ ಹಾಕಿದ ಕೋಣೆ ತೋರಿಸಿದರೆ ಅವನೇನು ಮಾಡಿಯಾನು? ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದರು. ನಿಧಾನವಾಗಿ ಬಿಟ್ಟರು.

"ಇಲ್ಲ."

"ನಂಗ್ಯಾಕೋ ಒಂಚೂರು ಬಂದಂಗಾಯ್ತು."

"ಇಲ್ಲ ಗೌಡ್ರೇ."

"ಹಂಗಾದ್ರೆ ನಂಗೆ ನೆಗಡಿ ಬರೋ ಹಂಗಿದೆ," ಅಂದ ಆವಲಪ್ಪ. ಮನೆಗೆ ಹೋಗಿ ಮೆಣಸಿನ ಕಷಾಯ ಮಾಡಿಸಿ ಕುಡಿದ.

ಬೆಳಿಗ್ಗೆ ಇನ್ಸ್‌ಪೆಕ್ಟರ್ ಲಕ್ಷ್ಮಯ್ಯನವರು ಬಸ್ಸಿನಿಂದಿಳಿದು ಆವಲಪ್ಪನ ಕಮಾನು ಗಾಡಿಯಲ್ಲಿ ಬಂದರು. ಕಟ್ಟುನಿಟ್ಟಿನ ಮನುಷ್ಯ. ಕೊಳೆಯನ್ನಾದರೂ ಕ್ಷಮಿಸುತ್ತಿದ್ದರು, ಸುಳ್ಳನ್ನು ಕ್ಷಮಿಸುತ್ತಿರಲಿಲ್ಲ. ಬಿಸಿಲಾಗಲೇ ಏರಿತ್ತು, ಗೋಡೆಯಾಚೆಯ ಮೂಟೆಗಳು ರಾತ್ರಿಯೆಲ್ಲ ಕಾವಿನಲ್ಲಿ ಕೂತು ಹದಕ್ಕೆ ಬಂದಿದ್ದವು. ಮಕ್ಕಳು ಎದ್ದು ನಮಸ್ಕಾರ ಹೇಳಿದರು. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತರು. ಕೂತವರು ಎದ್ದರು. ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಏನ್ರೀ ಮೇಷ್ಟ್ರೇ, ಇದೇನ್ರೀ ಈ ವಾಸನೆ?"

ಮೇಷ್ಟ್ರು ಸಮಾಧಾನದಿಂದ ಉಸಿರೆಳೆದರು. "ವಾಸನೆಯೇ ಸಾರ್? ಸುಣ್ಣದ್ದಿರಬೇಕು. ನೆನ್ನೆ ತಾನೆ ಬಳಿದಿದ್ದು."

ಇಷ್ಟು ಸಾಕಾಯಿತು. ಮೇಷ್ಟ್ರು ಇಲ್ಲ ಅಂದಮೇಲೆ ಇಲ್ಲ. ಇನ್ಸ್‌ಪೆಕ್ಟರು ಆವಲಪ್ಪನ ಕಡೆ ತಿರುಗಿದರು. ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

"ನಂಗೆ ನೆಗಡಿ ಸಾರ್," ಅಂದ.

ಮುನಿಗಂಗಪ್ಪನನ್ನು ಕೇಳಿದರು. "ವಾಸನ? ಏಂ ವಾಸನ ಸಾಮೀ?" ಎಂದು ಅವನು ತಿರುಗಿ ಕೇಳಿದ. ಅವನು ಒಬ್ಬನೇ ನಿಜ ಹೇಳಿದ್ದು. ಮೂವತ್ತು ವರ್ಷ ಚರಕದ ಒಲೆಯ ಮುಂದೆ ಕೂತವನಿಗೆ ಅದು ಗಾಳಿಯಷ್ಟೇ ಸಹಜ.

ಬಾಗಿಲಲ್ಲಿ ನಿಂತಿದ್ದ ಕೊಂಡಮ್ಮ ಕೇಳುವ ಮುಂಚೆಯೇ ತಲೆ ಅಲ್ಲಾಡಿಸಿದಳು.

"ಇಲ್ಲವಾ? ಮತ್ತೆ ಸೆರಗು ಯಾಕಮ್ಮ ಮೂಗಿಗೆ?"

"ದೊಡ್ಡೋರ ಮುಂದೆ ಮರ್ಯಾದೆ ಸಾರ್."

ಇನ್ಸ್‌ಪೆಕ್ಟರಿಗೆ ಒಂದು ಗಳಿಗೆ ತಮ್ಮ ಮೂಗಿನ ಮೇಲೇ ಅನುಮಾನ ಬಂತು. ಕರವಸ್ತ್ರ ಸರಿಸಿ ಪರೀಕ್ಷೆಗೆಂದು ಒಂದು ಉಸಿರೆಳೆದರು. ಅನುಮಾನ ಹೋಯಿತು. ಜೊತೆಗೆ ಬೆಳಗಿನ ಇಡ್ಲಿಯೂ ಹೋಗುವುದರಲ್ಲಿತ್ತು. ಅಂಗಳಕ್ಕೆ ಧಾವಿಸಿ ಹೊಂಗೆಯ ಮರದ ಕೆಳಗೆ ನಿಂತರು. ಊರೆಲ್ಲ ಹಿಂದೆಯೇ ಹೋಯಿತು. ಕುರ್ಚಿಯೂ ಹೋಯಿತು.

"ಕೊಳೆ ಇದ್ರೆ ತೊಳೀಬಹುದು," ಅಂದರು ಲಕ್ಷ್ಮಯ್ಯನವರು, ಮುಖ ಕೆಂಪಾಗಿತ್ತು. "ಇಡೀ ಊರು ನನ್ನೆದುರಿಗೆ ನಿಂತ್ಕೊಂಡು ಸುಳ್ಳು ಹೇಳುತ್ತೆ ಅಂದ್ರೆ ಈ ಶಾಲೆ ಏನ್ ಕಲಿಸಿದೆ? ಚೀಮನಕುಂಟೆಗೆ ಸೇರಿಸಿಬಿಡ್ತೀನಿ." ಪೆನ್ನಿನ ಟೋಪಿ ತೆಗೆದರು.

ಮೇಷ್ಟ್ರು ಸಾಲಿನಲ್ಲಿ ನಿಂತಿದ್ದ ಹುಡುಗಿಯರ ಕಡೆ ನೋಡಿದರು. ಎಣ್ಣೆ ಹಚ್ಚಿ ಬಾಚಿದ ಹನ್ನೊಂದು ತಲೆ.

"ಸಾರ್, ಅವರು ಸುಳ್ಳು ಹೇಳ್ತಿಲ್ಲ. ನನ್ನ ಮೂಗನ್ನ ನಂಬಿದಾರೆ. ನಂಗೆ ವಾಸನೆ ಗೊತ್ತಾಗಲ್ಲ. ಹುಡುಗ್ನಾಗಿದ್ದಾಗಿಂದ ಇಲ್ಲ."

ಆವಲಪ್ಪ ನಕ್ಕ.

"ನೋಡಿದ್ರಾ ಸಾರ್, ಎಂಥ ದೊಡ್ಡಗುಣ. ನಮ್ಮನ್ನ ಉಳಿಸೋಕೆ ಇಂಥ ಮೂಗನ್ನೇ ಇಲ್ಲ ಅಂತಿದಾರೆ."

"ಇಲ್ಲ ಗೌಡ್ರೇ, ನಿಜವಾಗ್ಲೂ ಇಲ್ಲ."

"ಬಿಡಿ ಮೇಷ್ಟ್ರೇ, ನಮ್ಗೆ ಗೊತ್ತಿಲ್ವಾ?"

"ಗಂಧದೊಳಗಿಂದ ಹಿಡಿದೋರು," ಅಂದಿತು ಹುಡುಗರ ಸಾಲು.

ಮೇಷ್ಟ್ರು ನಿಜ ಹೇಳಿದರೆ ಕೆಲಸ ಮುಗಿಯಿತೆಂದುಕೊಂಡಿದ್ದರು. ನಿಜವನ್ನು ನಂಬಿಸುವುದು ಸುಳ್ಳನ್ನು ನಂಬಿಸಿದ್ದಕ್ಕಿಂತ ಕಷ್ಟವಾಯಿತು. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದು ಬಂದಳು. ಮಾತು ಎಲ್ಲಿಗೆ ಬಂದಿದೆಯೆಂದು ಕ್ಷಣದಲ್ಲಿ ತಿಳಿದುಕೊಂಡಳು.

"ಆ ಮೂಗಿನ ಕಥೆ ನನ್ನ ಕೇಳಿ ಸಾರ್. ಹೋದ ದೀಪಾವಳಿಗೆ ಹರಳೆಣ್ಣೆ ಅಂತ ಸೀಮೆಎಣ್ಣೆ ತಲೆಗೆ ಹಚ್ಕೊಂಡು ಕೂತಿದ್ರು. ದೀಪದ ಹತ್ರ ಹೋಗೋಕೆ ಮುಂಚೆ ನಾನು ನೋಡಿದ್ಕೆ ತಲೆ ಉಳೀತು."

"ಗಂಡನ ಪರವಾಗಿ ಹೆಂಡತಿ ಸಾಕ್ಷಿ ನಡೆಯಲ್ಲಮ್ಮ," ಅಂದರು ಇನ್ಸ್‌ಪೆಕ್ಟರು. ಪೆನ್ನು ಕೈಯಲ್ಲೇ ಇತ್ತು.

"ಹಂಗಾದ್ರೆ ಬೀಗ ತೆಗೆಸಿ," ಅಂದಳು. "ಅದ್ರೊಳಗೆ ಏನಿದೆಯೋ, ಅದ್ರ ಜೊತೆ ಇವರನ್ನ ಕೂಡಿ ಹಾಕಿ ನೋಡಿ."

ಮುನಿಗಂಗಪ್ಪ ಹೋಗಿ ಬೀಗ ತೆಗೆದ. ಬಾಗಿಲು ತೆರೆದ ಕೂಡಲೇ ಮೂವತ್ತು ವರ್ಷ ಚರಕದ ಮುಂದೆ ಕೂತ ಮುನಿಗಂಗಪ್ಪನೂ ಎರಡು ಹೆಜ್ಜೆ ಹಿಂದೆ ಬಂದ. ಆವಲಪ್ಪ ತನಗೆ ನೆಗಡಿಯಿಲ್ಲವೆಂದು ಅಂದು ಖಚಿತಪಡಿಸಿಕೊಂಡ. ನಲ್ಲಪ್ಪ ತಾತ, "ನೇನು ಚಚ್ಚಿಪೋತಾನು, ಸತ್ತೇ ಹೋಗ್ತೀನಿ" ಎಂದು ಮರದಾಚೆಗೆ ಸರಿದ. ಮೇಷ್ಟ್ರು ಕೊಡೆಯನ್ನು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಊರು ಕಾದು ನಿಂತಿತು. ಒಳಗಿಂದ ಕೆಮ್ಮಿಲ್ಲ, ಸದ್ದಿಲ್ಲ.

"ಸತ್ತುಗಿತ್ತು ಹೋದ್ರಾ?" ಅಂದಳು ಕೊಂಡಮ್ಮ.

ಆಗ ಒಳಗಿಂದ ಮೇಷ್ಟ್ರ ಧ್ವನಿ ಕೇಳಿಸಿತು. ಸುಮ್ಮನೆ ಕೂತಿರುವುದು ಅವರಿಗೆ ಬರುತ್ತಿರಲಿಲ್ಲ. ಆರೋಗ್ಯದ ಪಾಠ ಹೇಳುತ್ತಿದ್ದರು: "ಶುದ್ಧವಾದ ಗಾಳಿ ಶರೀರಕ್ಕೆ ಅಗತ್ಯ. ಗಾಳಿಯಾಡುವ ಸ್ಥಳದಲ್ಲಿ ವಾಸಿಸಬೇಕು. ಮುಂಜಾನೆ ಎದ್ದು ದೀರ್ಘವಾಗಿ ಉಸಿರಾಡಬೇಕು." ಹೇಳಿದ್ದನ್ನು ಮಾಡಿಯೂ ತೋರಿಸುತ್ತಿದ್ದರೆಂಬುದು ಉಸಿರಿನ ಸದ್ದಿನಿಂದ ಗೊತ್ತಾಯಿತು.

ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಇನ್ಸ್‌ಪೆಕ್ಟರು ಕರವಸ್ತ್ರದ ಹಿಂದೆ ನಕ್ಕರೋ ಓಕರಿಸಿದರೋ ಹೇಳುವುದು ಕಷ್ಟ. "ಸಾಕು, ಹೊರಗೆ ಕರೀರಿ. ನಂಬಿದೆ," ಅಂದರು.

ಮೇಷ್ಟ್ರು ಹೊರಗೆ ಬಂದರು. ಮೈ ಕೈಯೆಲ್ಲ ಹುಳದ ಪುಡಿ. ಆವಲಪ್ಪ ಎದುರಿಗೆ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟಿತ್ತು.

"ಹಂಗಾದ್ರೆ ನನ್ನ ಹುಳ? ಅವತ್ತು ತಟ್ಟೆ ಹಿಡಿದಿದ್ದು?"

"ಕಣ್ಣಲ್ಲಿ ನೋಡಿದ್ದು ಗೌಡ್ರೇ. ಹುಳ ಊದಿತ್ತು."

"ನಾನೂ ನೋಡಿದ್ನಲ್ಲ. ನಂಗೂ ಕಣ್ಣೈತಲ್ಲ."

"ನೀವು ದೃಷ್ಟಿಯಾಗ್ತದೆ ಅಂತ ಹತ್ರ ಹೋಗಿ ನೋಡ್ಲಿಲ್ಲ."

ಆವಲಪ್ಪ ತಿರುಗಿ ಹುಳದ ಮನೆಯ ಬಾಗಿಲು ಮುಚ್ಚಲು ಹೊರಟ. ಅವನ ಹೆಂಡತಿ ವೆಂಕಟರತ್ನಮ್ಮ ಅವನನ್ನು ನೋಡುತ್ತಿದ್ದ ರೀತಿ ಹಾಗಿತ್ತು.

"ಅದೆಲ್ಲ ಇರಲಿ," ಅಂದರು ಇನ್ಸ್‌ಪೆಕ್ಟರು. "ಮೂಗಿಗೆ ಹೆದರಿ ಶುಚಿಯಾಗಿದ್ದ ಮಕ್ಕಳು. ಈಗ ಮೂಗಿಲ್ಲ ಅಂತ ಗೊತ್ತಾಯ್ತಲ್ಲ. ನಾಳೆಯಿಂದ ಏನು?"

ಮೇಷ್ಟ್ರಿಗೂ ಅದೇ ಭಯವಿತ್ತು. ರಾಮಲಕ್ಷ್ಮಮ್ಮ ಮುತ್ತುಗದ ಎಲೆ ಹಾಕಿ ಉಪ್ಪಿಟ್ಟು ಬಡಿಸಿದಳು. ಇನ್ಸ್‌ಪೆಕ್ಟರು ದಣಿದಿದ್ದರು, ಹೊಟ್ಟೆಯೂ ಈಗ ಸ್ವಲ್ಪ ನೆಟ್ಟಗಾಗಿತ್ತು. ಯೋಚಿಸುತ್ತಲೇ ಎಲೆಯ ಕಡೆ ಕೈ ಚಾಚಿದರು.

"ಕೈ," ಅಂದಿತು ಶಾಲೆ.

ಯಾರೂ ಹೇಳಿಕೊಟ್ಟಿರಲಿಲ್ಲ. ಮೂವತ್ತೊಂದು ಮಕ್ಕಳೂ ಒಟ್ಟಿಗೇ ಹೇಳಿದ್ದರು. ಹೇಳಿದ ಮೇಲೆ ಯಾರಿಗೆ ಹೇಳಿದೆವೆಂದು ತಿಳಿದು ಗಂಡುಹುಡುಗರು ಒಬ್ಬರ ಹಿಂದೆ ಒಬ್ಬರು ಅಡಗಿದರು. ಇನ್ಸ್‌ಪೆಕ್ಟರ ಕೈ ಉಪ್ಪಿಟ್ಟಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ತೊಳ್ಕೊಳಿ ಸಾಮೀ," ಅಂದ ನಲ್ಲಪ್ಪ ಮರದ ಹಿಂದಿನಿಂದ. "ಬಿಡಲ್ಲ ಇವು. ನನ್ನನ್ನೇ ಬಿಡ್ಲಿಲ್ಲ."

ಲಕ್ಷ್ಮಯ್ಯನವರು ಎದ್ದು, ಕೊಳಗದ ಬಳಿ ಹೋಗಿ, ತೋಳು ಮಡಚಿ ಕೈ ತೊಳೆದರು. ಬೆರಳ ಸಂದಿಯನ್ನೂ ತೊಳೆದರು. ಆಂಜಿನಮ್ಮ ಹತ್ತಿರ ಹೋಗಿ ನೋಡಿ ಸರಿ ಎಂದು ತಲೆಯಾಡಿಸಿದಳು. ಬಂದು ಕೂತು ಉಪ್ಪಿಟ್ಟು ಮುಗಿಸಿದರು. ಆಮೇಲೆ ಎದ್ದು ಒಬ್ಬೊಬ್ಬ ಮಗುವಿನ ಕಿವಿಯ ಹಿಂದೆ ತಾವೇ ನೋಡಿದರು. ತಾವು ತಪಾಸಣೆ ಮಾಡಿದ ಅಷ್ಟು ಶಾಲೆಗಳಲ್ಲಿ ಅಂಥ ಕಿವಿಗಳನ್ನು ನೋಡಿರಲಿಲ್ಲವೆಂದು ಅಂದರು. ತಪಾಸಣೆ ಪುಸ್ತಕದಲ್ಲಿ ಬರೆದರು: ಮಕ್ಕಳು ಶುಚಿ. ಸ್ಥಳ ಅಶುಚಿ. ಊರಿನವರು ಬೇರೆ ಸ್ಥಳ ಕೊಟ್ಟಲ್ಲಿ ಶಾಲೆ ಇಲ್ಲಿಯೇ ಮುಂದುವರಿಯಲಿ, ಕೊಡದಿದ್ದಲ್ಲಿ ಚೀಮನಕುಂಟೆಗೆ.

ಓದಿ ಹೇಳಿದಾಗ ಊರಿನವರೆಲ್ಲ ಆವಲಪ್ಪನ ಕಡೆ ನೋಡಿದರು. ಸ್ಥಳವಿದ್ದವನು ಅವನೊಬ್ಬನೇ. ಅವನು ಮೇಷ್ಟ್ರ ಮೇಲೆ ಇನ್ನೂ ಸಿಟ್ಟಾಗಿಯೇ ಇದ್ದ.

"ಚೀಮನಕುಂಟೆಯೋರ ಪಾಲಾಗೋದು ಬೇಡ," ಅಂದ ಕೊನೆಗೆ. "ಊರಾಚೆ ನಂದೊಂದು ಕಣ ಐತೆ. ಅಲ್ಲಿ ಗಾಳಿ ಚೆನ್ನಾಗಿ ಆಡ್ತದೆ. ಮೇಷ್ಟ್ರಿಗೆ ಗೊತ್ತಾಗ್ದೇ ಇದ್ರೂ ಮಕ್ಳಿಗೆ ಗೊತ್ತಾಗ್ತದೆ."

ಜೂನ್‌ನಲ್ಲಿ ಆ ಕಣದಲ್ಲಿ ಸೋಗೆ ಹೊದಿಸಿದ ಚಪ್ಪರದ ಕೆಳಗೆ ಶಾಲೆ ತೆರೆಯಿತು. ಮೇಷ್ಟ್ರು ಬೆಳಿಗ್ಗೆ ಸಾಲು ನಿಲ್ಲಿಸಿ ಬಾಗಿ ನೋಡುವುದನ್ನು ಬಿಡಲಿಲ್ಲ. ಉಸಿರೆಳೆಯುವುದನ್ನು ಮಾತ್ರ ಬಿಟ್ಟರು. ಮಕ್ಕಳು ತೊಳೆದುಕೊಂಡೇ ಬಂದರು.

ಹೋದದ್ದು ಇಷ್ಟು. ಮುನಿಗಂಗಪ್ಪನ ಹುಳು ಏಳು ಮೂಟೆ, ಅಂದೇ ಗುಂಡಿ ತೋಡಿ ಮುಚ್ಚಿದ್ದು. ಆವಲಪ್ಪನ ಕಣ, ಎಂಟು ಗುಂಟೆ. ಇನ್ಸ್‌ಪೆಕ್ಟರ ಕರವಸ್ತ್ರ ಒಂದು, ಅವರೇ ಗಾಡಿದಾರಿಯಲ್ಲಿ ಬಿಸಾಡಿದ್ದು. ಹುಡುಗಿಯರಲ್ಲಿ ಒಬ್ಬಳು, ಕಣ ಊರ ಹೊರಗೆ ಎಂದು ಅವಳ ಅಜ್ಜಿ ಕಳಿಸಲಿಲ್ಲ, ಮೇಷ್ಟ್ರು ಎಷ್ಟು ಸಲ ಹೋಗಿ ಮಜ್ಜಿಗೆ ಕುಡಿದು ಬಂದರೂ ಕಳಿಸಲಿಲ್ಲ. ಹನ್ನೊಂದು ಇದ್ದದ್ದು ಹತ್ತು.